ಅಂಕ ಒಂದು, ಪ್ರಶ್ನೆ ಮೂರು: ಆನ್‌ಲೈನ್ ಲೈಂಗಿಕ ಅಪರಾಧದ ಒಂದು ತರಬೇತಿ ಪ್ರಕರಣ

38 ವರ್ಷದ ಗಂಡಸು. ಮೈಸೂರಿನ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟೆಂಟ್. ಮನೆಯಲ್ಲಿ ಹೆಂಡತಿ, 6 ವರ್ಷದ ಮಗಳು, ವಯಸ್ಸಾದ ತಾಯಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ, ವಿಡಿಯೊಗಳನ್ನು ಆತ ತನ್ನ ಕ್ಲೌಡ್ ಖಾತೆಯಲ್ಲಿ ಇಟ್ಟಿದ್ದ. ಸೇವೆ ಕೊಡುವ ಕಂಪನಿಯ ತಪಾಸಣೆಯಲ್ಲಿ ಅವು ಸಿಕ್ಕಿಬಿದ್ದವು. ಸುಳಿವು, ಕಾಣೆಯಾದ ಮತ್ತು ಶೋಷಣೆಗೆ ಒಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಗೆ ಹೋಯಿತು. ಅಲ್ಲಿಂದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊಗೆ, ಕೊನೆಗೆ ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಸಿಇಎನ್ ಠಾಣೆಗೆ ಬಂತು. 2019ರಲ್ಲಿ ಆ ಎರಡು ಸಂಸ್ಥೆಗಳ ನಡುವೆ ಒಪ್ಪಂದವಾದ ಮೇಲೆ ಇಂಥ ಸುಳಿವುಗಳಿಗೆ ತೆರೆದ ದಾರಿ ಇದು. ಪೋಕ್ಸೊ ಕಾಯ್ದೆಯ 15ನೇ ಕಲಂ, ಐಟಿ ಕಾಯ್ದೆಯ 67ಬಿ ಕಲಂ ಹಾಕಿ ಎಫ್‌ಐಆರ್ ಆಗಿದೆ. ಫೋನು, ಲ್ಯಾಪ್‌ಟಾಪ್ ಜಪ್ತಿಯಾಗಿವೆ. ಆತ ಜಾಮೀನಿನ ಮೇಲೆ ಹೊರಗಿದ್ದಾನೆ.

ಇಂಥ ಒಬ್ಬ ವ್ಯಕ್ತಿ ನಿಜವಾಗಿ ಇಲ್ಲ. ತರಬೇತಿಗೆಂದೇ ಕಟ್ಟಿದ ಫೈಲು ಇದು. ಆದರೆ ಇದರಲ್ಲಿರುವ ಒಂದೊಂದು ತುಂಡೂ ಈ ಕೆಲಸ ಮಾಡುವವರಿಗೆ ಪರಿಚಿತವೇ. ಆಪ್ತಸಮಾಲೋಚಕರು, ಪ್ರೊಬೇಷನ್ ಅಧಿಕಾರಿಗಳು, ಪೊಲೀಸರು, ಮಕ್ಕಳ ರಕ್ಷಣಾ ಘಟಕದವರು ಒಟ್ಟಿಗೆ ಕೂತು ಇದನ್ನು ಓದುತ್ತಾರೆ. ಇಡೀ ಫೈಲನ್ನು ಒಮ್ಮೆಲೇ ಕೊಡುವುದಿಲ್ಲ. ಠಾಣೆಯಲ್ಲಿ, ಕ್ಲಿನಿಕ್ಕಿನಲ್ಲಿ ಮಾಹಿತಿ ಹೇಗೆ ತುಂಡುತುಂಡಾಗಿ ಬರುತ್ತದೋ ಹಾಗೇ ಕೊಡುತ್ತೇವೆ. ಚಿತ್ರಗಳನ್ನು ಯಾರಿಗೂ ತೋರಿಸುವುದಿಲ್ಲ. ಅಪಾಯ ಅಂದಾಜು ಮಾಡಲು ಅವುಗಳನ್ನು ನೋಡಬೇಕಾಗಿಯೂ ಇಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿಯ ವಿವರಣೆ ಸಾಕು.

ಮೊದಲ ಪುಟ

ಮೊದಲ ಪುಟದಲ್ಲಿ ಎಫ್‌ಐಆರ್ ಸಾರಾಂಶ, 61 ಫೈಲುಗಳು ಎಂಬ ಲೆಕ್ಕ, ಆತನ ಒಂದು ಮಾತು ಇಷ್ಟೇ ಇರುತ್ತವೆ. ಮಾತು ಹೀಗಿದೆ: "ಏನೋ ಹುಡುಕುವಾಗ ಬಂತು ಮೇಡಂ, ಕುತೂಹಲಕ್ಕೆ ನೋಡಿದೆ."

ಇಷ್ಟು ಓದಿದ ತಕ್ಷಣ ಕೋಣೆ ಎರಡಾಗುತ್ತದೆ. "ಸುಮ್ನೆ ನೋಡಿದ್ದಾನೆ, ಮುಟ್ಟಿಲ್ವಲ್ಲ" ಅನ್ನುವವರು ಒಂದು ಕಡೆ. "ಇವತ್ತು ನೋಡಿದವನು ನಾಳೆ ಮಾಡೇ ಮಾಡ್ತಾನೆ" ಅನ್ನುವವರು ಇನ್ನೊಂದು ಕಡೆ. ಎರಡೂ ಕಡೆಯವರಿಗೆ ತಮ್ಮ ಮಾತಿನ ಮೇಲೆ ಪೂರ್ತಿ ನಂಬಿಕೆ ಇರುತ್ತದೆ.

ಮೊದಲನೆಯ ಮಾತಿಗೆ ಕಾನೂನಿನಲ್ಲೇ ಜಾಗ ಇಲ್ಲ. ಬರೀ ಡೌನ್‌ಲೋಡ್ ಮಾಡಿ ನೋಡುವುದು ಅಪರಾಧವಲ್ಲ ಎಂದು ಮದ್ರಾಸ್ ಹೈಕೋರ್ಟ್ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ರದ್ದು ಮಾಡಿತು. ಆ ಒಂದೊಂದು ಫೈಲಿನ ಹಿಂದೆಯೂ ನಿಜವಾದ ಒಂದು ಮಗು ಇದೆ. ಅದರ ಮೇಲೆ ಆದ ದೌರ್ಜನ್ಯ, ಯಾರೋ ನೋಡಿದಾಗಲೆಲ್ಲ ಮುಂದುವರಿಯುತ್ತದೆ. ಇದನ್ನು ತರಬೇತಿಯ ಶುರುವಿನಲ್ಲೇ ಗಟ್ಟಿಯಾಗಿ ಹೇಳುತ್ತೇನೆ.

ಎರಡನೆಯ ಮಾತನ್ನು ಅಂಕಿ ಇಟ್ಟುಕೊಂಡು ನೋಡಬೇಕು. ಸೆಟೊ, ಹ್ಯಾನ್ಸನ್, ಬಾಬ್‌ಚಿಶಿನ್ ಎಂಬ ಸಂಶೋಧಕರು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಆನ್‌ಲೈನ್ ಅಪರಾಧಿಗಳಲ್ಲಿ ಸುಮಾರು 12% ಜನರ ಮೇಲೆ ಮಕ್ಕಳನ್ನು ಅಥವಾ ಬೇರೆಯವರನ್ನು ನೇರವಾಗಿ ಪೀಡಿಸಿದ ಹಳೆಯ ಅಧಿಕೃತ ದಾಖಲೆ ಇತ್ತು. ಆದರೆ ಅವರನ್ನೇ ಕೇಳಿ ನೋಡಿದ ಕೆಲವು ಅಧ್ಯಯನಗಳಲ್ಲಿ ಸುಮಾರು 55% ಜನ ಅಂಥ ಕೃತ್ಯ ಒಪ್ಪಿಕೊಂಡಿದ್ದರು. ಇನ್ನು ಸಿಕ್ಕಿಬಿದ್ದ ಮೇಲೆ ಒಂದೂವರೆಯಿಂದ ಆರು ವರ್ಷದೊಳಗೆ ಮತ್ತೆ ಲೈಂಗಿಕ ಅಪರಾಧದಲ್ಲಿ ಸಿಕ್ಕಿದವರು 5%ಕ್ಕಿಂತ ಸ್ವಲ್ಪ ಕಡಿಮೆ. ಅದರಲ್ಲೂ ನೇರ ಕೃತ್ಯದಲ್ಲಿ ಸಿಕ್ಕಿದವರು ಸುಮಾರು 2%.

ಈ ಅಂಕಿಗಳು ಬೋರ್ಡಿನ ಮೇಲೆ ಬಂದಾಗ ಕೋಣೆ ಸ್ವಲ್ಪ ಹೊತ್ತು ಗೊಂದಲಕ್ಕೆ ಬೀಳುತ್ತದೆ. ಬೀಳಲೇಬೇಕು. 12 ಮತ್ತು 55ರ ನಡುವಿನ ಅಂತರ "ದಾಖಲೆ ಇಲ್ಲ ಅಂದರೆ ಏನೂ ಮಾಡಿಲ್ಲ" ಅನ್ನುವವರನ್ನು ನಿಲ್ಲಿಸುತ್ತದೆ. 2% ಅನ್ನುವುದು "ನಾಳೆ ಮಾಡೇ ಮಾಡ್ತಾನೆ" ಅನ್ನುವವರನ್ನು ನಿಲ್ಲಿಸುತ್ತದೆ. ಹಿಂದೆ ಏನಾಗಿತ್ತು ಅನ್ನುವುದೇ ಒಂದು ಪ್ರಶ್ನೆ, ಮುಂದೆ ಏನಾಗಬಹುದು ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಉಸಿರಿನಲ್ಲಿ ಉತ್ತರಿಸಲು ಹೋದಾಗಲೇ ನಮ್ಮ ವರದಿಗಳು ಕೆಡುವುದು.

ಎಫ್‌ಎಸ್‌ಎಲ್ ವರದಿ

ಎರಡನೇ ತುಂಡು ಪ್ರಯೋಗಾಲಯದ ವರದಿ. ಫೈಲುಗಳಲ್ಲಿ ವಿಡಿಯೊಗಳೂ ಇವೆ. ಮೊದಲ ಫೈಲಿಗೂ ಕೊನೆಯ ಫೈಲಿಗೂ ಮೂರು ವರ್ಷಕ್ಕಿಂತ ಜಾಸ್ತಿ ಅಂತರ. "ಏನೋ ಹುಡುಕುವಾಗ ಬಂತು" ಎಂಬ ಮಾತು ಇದರ ಮುಂದೆ ನಿಲ್ಲುವುದಿಲ್ಲ. ಫೈಲುಗಳಲ್ಲಿ ಹೆಚ್ಚಿನವು ಹುಡುಗಿಯರದ್ದು. ಇಂಥ ವಿಷಯದ ಕಥೆ, ಬರಹ ಯಾವುದೂ ಇಲ್ಲ.

ಇಲ್ಲಿಯವರೆಗೆ ಎಲ್ಲರೂ ಗಮನವಿಟ್ಟು ಓದುತ್ತಾರೆ. ವರದಿಯ ಕೊನೆಯಲ್ಲಿ ಎರಡೇ ಸಾಲಿನ ಒಂದು ಟಿಪ್ಪಣಿ ಇದೆ. ಒಂದು ಆನ್‌ಲೈನ್ ಆಟದ ಚಾಟ್‌ನಲ್ಲಿ ಆತ ವಾರಗಟ್ಟಲೆ ಒಬ್ಬರ ಜೊತೆ ಮಾತಾಡಿದ್ದಾನೆ. ಆ ಕಡೆಯವರು "ನಾನು 13" ಎಂದು ಹೇಳಿಕೊಂಡಿದ್ದಾರೆ. ಆಮೇಲೂ ಮಾತು ಲೈಂಗಿಕ ವಿಷಯಕ್ಕೆ ಹೊರಳಿದೆ, ಫೋಟೊ ಕೇಳಿದ್ದೂ ಇದೆ.

ಈ ಎರಡು ಸಾಲನ್ನು ಎಷ್ಟೋ ಗುಂಪುಗಳು ದಾಟಿಕೊಂಡು ಹೋಗುತ್ತವೆ. 61 ಅನ್ನುವ ಸಂಖ್ಯೆಯ ಸುತ್ತಲೇ ಚರ್ಚೆ ಸುತ್ತುತ್ತದೆ. ಎಷ್ಟು ಫೈಲು, ಎಷ್ಟು ಘೋರ ಅನ್ನುವುದು ಶಿಕ್ಷೆಯ ಪ್ರಮಾಣಕ್ಕೆ ಮುಖ್ಯ ಇರಬಹುದು. ಆತನಿಂದ ಒಂದು ಮಗುವಿಗೆ ಆಗಬಹುದಾದ ಅಪಾಯವನ್ನು ಅದೊಂದರಿಂದಲೇ ಅಳೆಯಲು ಆಗುವುದಿಲ್ಲ. ಸಾವಿರಾರು ಫೈಲು ಕೂಡಿಟ್ಟು ಯಾವ ಮಗುವಿನ ಹತ್ತಿರಕ್ಕೂ ಹೋಗದವರಿದ್ದಾರೆ. ಬೆರಳೆಣಿಕೆಯಷ್ಟು ಫೈಲು ಇಟ್ಟುಕೊಂಡು ಮನೆಯಲ್ಲೇ ಮಗುವನ್ನು ಪೀಡಿಸುವವರೂ ಇದ್ದಾರೆ. ಇಂಗ್ಲೆಂಡಿನ ಕೆಂಟ್ ಪೊಲೀಸರು ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೊತೆ ಸೇರಿ ಕಿರಾಟ್ ಎಂಬ ಸಾಧನ ಮಾಡಿಕೊಂಡದ್ದು ಇದೇ ಕಾರಣಕ್ಕೆ. ಸಾಲುಗಟ್ಟಿ ನಿಂತ ಶಂಕಿತರಲ್ಲಿ ಯಾರ ಮನೆ ಬಾಗಿಲನ್ನು ಮೊದಲು ತಟ್ಟಬೇಕು ಅನ್ನುವುದೇ ಅವರ ಪ್ರಶ್ನೆಯಾಗಿತ್ತು. ಹಳೆಯ ದೂರುಗಳು, ಮಕ್ಕಳು ಕೈಗೆ ಸಿಗುವ ಅವಕಾಶ, ಆನ್‌ಲೈನ್‌ನಲ್ಲಿ ಆತ ಏನೇನು ಮಾಡುತ್ತಾನೆ ಅನ್ನುವುದನ್ನು ಅದು ತೂಗಿ ನೋಡುತ್ತದೆ.

ನಮ್ಮ ಪ್ರಕರಣದಲ್ಲಿ ಆ ಎರಡು ಸಾಲಿನ ಅರ್ಥ ಇಷ್ಟು: ಎಲ್ಲೋ ಒಂದು ಮಗು ಇದೆ, ಅದು ಯಾರೆಂದು ಇನ್ನೂ ಗೊತ್ತಾಗಿಲ್ಲ. ತನಿಖಾಧಿಕಾರಿ ಆಟದ ಕಂಪನಿಗೆ ದಾಖಲೆ ಉಳಿಸಿಡುವಂತೆ ತಕ್ಷಣ ಬರೆಯಬೇಕು. ಲೈಂಗಿಕ ಕಿರುಕುಳದ ಬಗೆಗಿನ ಪೋಕ್ಸೊ 11ನೇ ಕಲಂ, ಐಟಿ ಕಾಯ್ದೆ 67ಬಿಯಲ್ಲಿ ಮಕ್ಕಳನ್ನು ಆನ್‌ಲೈನ್ ಸಂಬಂಧಕ್ಕೆ ಸೆಳೆಯುವ ಭಾಗ, ಎರಡನ್ನೂ ನೋಡಬೇಕು. ಅಪಾಯ ಅಂದಾಜಿನ ಕಾಗದಕ್ಕಿಂತ ಮೊದಲು ಆಗಬೇಕಾದ ಕೆಲಸ ಇದು.

ಅಂಕ ಹಾಕುವ ಹೊತ್ತು

ಇಂಥ ಚಿತ್ರಗಳ ಪ್ರಕರಣದಲ್ಲಿ ಸಿಕ್ಕವರು ಮತ್ತೆ ಲೈಂಗಿಕ ಅಪರಾಧ ಮಾಡುವ ಸಾಧ್ಯತೆಯನ್ನು ಅಂಕದಲ್ಲಿ ಅಂದಾಜು ಮಾಡುವ ಸಿಪೋರ್ಟ್ ಎಂಬ ಸಾಧನವನ್ನು ಇಲ್ಲಿ ಕೈಗೆ ಕೊಡುತ್ತೇವೆ. ಕೆನಡಾದಲ್ಲಿ ಮೈಕೆಲ್ ಸೆಟೊ ಮತ್ತು ಏಂಜೆಲಾ ಈಕ್ ಇದನ್ನು ರೂಪಿಸಿ 2015ರಲ್ಲಿ ಪ್ರಕಟಿಸಿದರು. 266 ಗಂಡಸರ ಪೊಲೀಸ್ ಫೈಲುಗಳನ್ನು ಓದಿ, ಐದು ವರ್ಷ ಅವರು ಏನಾದರು ಎಂದು ಹಿಂಬಾಲಿಸಿ ಕಟ್ಟಿದ್ದು. ಆ ಐದು ವರ್ಷದಲ್ಲಿ 11% ಜನ ಮತ್ತೆ ಲೈಂಗಿಕ ಅಪರಾಧ ಮಾಡಿದ್ದರು. "ನಮ್ಮಲ್ಲಿ ಸ್ಟ್ಯಾಟಿಕ್-99ಆರ್ ಬಳಸ್ತೀವಲ್ಲ ಮೇಡಂ, ಅದೇ ಸಾಲದಾ?" ಎಂದು ಕೇಳುವವರು ಸಿಗುತ್ತಾರೆ. ಸಾಲದು. ಅದೂ ಲೈಂಗಿಕ ಅಪರಾಧಿಗಳ ಅಪಾಯ ಅಳೆಯುವ ಸಾಧನವೇ, ಆದರೆ ಬರೀ ಚಿತ್ರ ಇಟ್ಟುಕೊಂಡ ಪ್ರಕರಣಗಳಿಗೆ ಅದನ್ನು ಬಳಸಬಾರದು ಎಂದು ಅದರ ನಿಯಮವೇ ಹೇಳುತ್ತದೆ.

ಸಿಪೋರ್ಟ್‌ನಲ್ಲಿ ಏಳು ಅಂಶಗಳು. ನಮ್ಮ ಫೈಲಿಗೆ ಹಾಕುತ್ತಾ ಹೋಗೋಣ. ತನಿಖೆಯ ಹೊತ್ತಿಗೆ ವಯಸ್ಸು 35 ಅಥವಾ ಅದಕ್ಕಿಂತ ಕಡಿಮೆಯೇ? ಅಲ್ಲ, ಸೊನ್ನೆ. ಹಳೆಯ ಕ್ರಿಮಿನಲ್ ದಾಖಲೆ? ಇಲ್ಲ. ಷರತ್ತಿನ ಮೇಲೆ ಹೊರಬಂದಾಗ ಷರತ್ತು ಮುರಿದದ್ದು? ಇಲ್ಲ. ನೇರ ಲೈಂಗಿಕ ಅಪರಾಧ? ದಾಖಲೆಯಲ್ಲಿ ಇಲ್ಲ. ಶೋಷಣೆಯ ಫೈಲುಗಳಲ್ಲಿ ಹುಡುಗರದ್ದು ಜಾಸ್ತಿಯೇ, ಮಕ್ಕಳ ಬೇರೆ ಚಿತ್ರಗಳಲ್ಲಿ ಹುಡುಗರದ್ದು ಜಾಸ್ತಿಯೇ ಎಂಬ ಎರಡು ಅಂಶಗಳಿಗೂ ಸೊನ್ನೆ.

ಉಳಿದದ್ದು ಒಂದು: ಮಕ್ಕಳ ಮೇಲೆ ಲೈಂಗಿಕ ಆಸಕ್ತಿ ಇದೆ ಎಂದು ಆತ ಒಪ್ಪಿದ್ದಾನೆಯೇ, ಅಥವಾ ವೈದ್ಯರು ಗುರುತಿಸಿದ್ದಾರೆಯೇ? ಆತ ಒಪ್ಪಿಲ್ಲ. ಅಂಥ ಹೊತ್ತಿಗೆ, ನಡವಳಿಕೆ ನೋಡಿ ಆ ಆಸಕ್ತಿಯನ್ನು ಅಂದಾಜು ಮಾಡುವ ಕ್ಯಾಸಿಕ್ ಎಂಬ ಆರು ಅಂಶಗಳ ಇನ್ನೊಂದು ಪಟ್ಟಿ ಇದೆ. ಅದರಲ್ಲಿ ಮೂರು ಅಥವಾ ಹೆಚ್ಚು ಬಂದರೆ ಇಲ್ಲಿ ಒಂದು ಅಂಕ ಕೊಡಬಹುದು. ವಿಡಿಯೊ ಇದೆ, ಒಂದು. ಎರಡು ವರ್ಷಕ್ಕೂ ಮೀರಿದ ಆಸಕ್ತಿ, ಇನ್ನೊಂದು. ಮಗುವಿನ ಜೊತೆ ಆನ್‌ಲೈನ್ ಲೈಂಗಿಕ ಮಾತು, ಮತ್ತೊಂದು. ಬರಹ ರೂಪದ ಕಥೆಗಳಿಲ್ಲ. ಮದುವೆಯಾಗಿದೆ, ಆದ್ದರಿಂದ "ಎಂದೂ ಮದುವೆಯಾಗಿಲ್ಲ" ಎಂಬುದಕ್ಕೂ ಸೊನ್ನೆ.

ಆರನೆಯದು ಮಕ್ಕಳು ಹೆಚ್ಚಾಗಿ ಸಿಗುವ ಜಾಗದಲ್ಲಿ ಸ್ವಯಂಸೇವೆ. ಹೊಸ ಮಾಹಿತಿಯೊಂದನ್ನು ಈ ಹಂತದಲ್ಲಿ ಕೊಡುತ್ತೇವೆ: ಆತ ಶನಿವಾರ, ಭಾನುವಾರ ಮನೆಯಲ್ಲೇ ಅಕ್ಕಪಕ್ಕದ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾನೆ. ಫೀಸು ತಗೊಳ್ಳುತ್ತಾನೆ. ಕೂಡಲೇ ಎಲ್ಲರೂ ಒಂದು ಅಂಕ ಬರೆದುಬಿಡುತ್ತಾರೆ. ಆದರೆ ಆ ಅಂಶ ಇರುವುದು ಸ್ವಯಂಸೇವೆಯ ಬಗ್ಗೆ. ಫೀಸು ತಗೊಳ್ಳುವ ಟ್ಯೂಷನ್ ಅದರೊಳಗೆ ಬರುವುದಿಲ್ಲ. ಸೊನ್ನೆಯೇ ಹಾಕಬೇಕು. "ಇದೇನು ಅನ್ಯಾಯ ಮೇಡಂ, ಅಪಾಯ ಇರೋದೇ ಅಲ್ಲಿ ಅಲ್ವಾ?" ಎಂದು ಜಗಳ ಶುರುವಾಗುತ್ತದೆ. ಹೌದು, ಅಪಾಯ ಇರುವುದು ಅಲ್ಲೇ. ಹಾಗೆಂದು ನಿಯಮ ಬಗ್ಗಿಸಿ ಅಂಕ ಹಾಕಿದರೆ, ಆ ಸಾಧನದ ಹಿಂದಿನ ಸಂಶೋಧನೆ ನಮ್ಮ ಕಾಗದಕ್ಕೆ ಅನ್ವಯಿಸುವುದೇ ಇಲ್ಲ. ಟ್ಯೂಷನ್ ವಿಷಯವನ್ನು ಬೇರೆ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಬೇಕು.

ಕ್ಯಾಸಿಕ್ ಮೂರು. ಆದ್ದರಿಂದ ಆಸಕ್ತಿಯ ಅಂಶಕ್ಕೆ ಒಂದು. ಸಿಪೋರ್ಟ್ ಒಟ್ಟು: ಏಳರಲ್ಲಿ ಒಂದು.

ಇಷ್ಟೆಲ್ಲ ತಿಳಿದ ಮೇಲೂ ಅಂಕ ಒಂದೇ. ಈ ಪ್ರಕರಣವನ್ನು ಆರಿಸಿಕೊಂಡದ್ದೇ ಈ ಗಳಿಗೆಗಾಗಿ. ಒಂದು ಎಂಬ ಅಂಕ ತಪ್ಪಲ್ಲ. ಇಂಥ ಅಂಕ ಬಂದ ಗಂಡಸರ ಗುಂಪಿನಲ್ಲಿ, ಮುಂದಿನ ಐದು ವರ್ಷದಲ್ಲಿ ಮತ್ತೆ ಸಿಕ್ಕಿಬೀಳುವವರು ಕಡಿಮೆ ಎಂದಷ್ಟೇ ಅದು ಹೇಳುತ್ತದೆ. ಬರುವ ಶನಿವಾರ ಟ್ಯೂಷನ್ನಿಗೆ ಬರುವ ಮಕ್ಕಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಗೊತ್ತಾಗದೇ ಹೋದ ಹಳೆಯ ಕೃತ್ಯದ ಬಗ್ಗೆಯೂ ಹೇಳುವುದಿಲ್ಲ. ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ತೀರ್ಮಾನಿಸುವ ಸಾಧನವಂತೂ ಅಲ್ಲವೇ ಅಲ್ಲ. ಜೊತೆಗೆ, ಇದನ್ನು ಮಾಡಿರುವುದು ಶಿಕ್ಷೆಯಾದ ವಯಸ್ಕ ಗಂಡಸರಿಗೆ. ನಮ್ಮ ಮನುಷ್ಯ ಇನ್ನೂ ಆರೋಪಿ. ಈ ಅಂಕ ಅಭ್ಯಾಸಕ್ಕೆ ಮಾತ್ರ, ಜಾಮೀನಿನ ವಾದಕ್ಕೆ ಇದನ್ನು ಕೊಂಡೊಯ್ಯುವಂತಿಲ್ಲ.

ಕೆನಡಾದ ಪಟ್ಟಿಯನ್ನು ನಮ್ಮ ಊರಿನ ಫೈಲಿನ ಮೇಲೆ ಇಡುವಾಗ ಇನ್ನೂ ಎರಡು ಕಡೆ ನಿಂತು ಯೋಚಿಸಬೇಕು. ನಮ್ಮಲ್ಲಿ ಹುಡುಗನಿಗೆ ಇಷ್ಟವಿದೆಯೋ ಇಲ್ಲವೋ, ಮನೆಯವರು ಹೆಣ್ಣು ನೋಡಿ ಮದುವೆ ಮಾಡಿಬಿಡುತ್ತಾರೆ. ಮದುವೆಯಾಗಿದ್ದಾನೆ ಅನ್ನುವುದು ಅಲ್ಲಿ ಕೊಡುವಷ್ಟು ಮಾಹಿತಿಯನ್ನು ಇಲ್ಲಿ ಕೊಡದೇ ಇರಬಹುದು. ಇನ್ನೊಂದು, ಹಳೆಯ ದಾಖಲೆ. ಮಗುವಿಗೆ ಏನಾದರೂ ಆದರೆ ಹಿರಿಯರು ಕೂತು ರಾಜಿ ಮಾಡಿ, "ಮರ್ಯಾದೆ ಹೋಗುತ್ತೆ" ಎಂದು ಮುಚ್ಚಿಹಾಕುವುದು ನಮಗೆ ಗೊತ್ತಿಲ್ಲದ್ದಲ್ಲ. ಹಾಗಿರುವಾಗ ಖಾಲಿ ಕಾಲಂ ಎಂದರೆ ಶುದ್ಧ ಚರಿತ್ರೆ ಎಂದು ಓದಲಾಗದು. ಸೊನ್ನೆ ಹಾಕಿ, ಪಕ್ಕದಲ್ಲಿ "ದಾಖಲೆ ಸಿಕ್ಕಿಲ್ಲ" ಎಂದು ಬರೆಯಿರಿ. ವರದಿ ಓದುವ ನ್ಯಾಯಾಧೀಶರಿಗೆ ಆ ಎರಡು ಪದ ತುಂಬಾ ಸಹಾಯ ಮಾಡುತ್ತವೆ.

ಬೀದಿಯ ಮಾತು

ಮುಂದಿನ ತುಂಡು ಒಂದು ಗಾಳಿಸುದ್ದಿ. ಎರಡು ವರ್ಷದ ಹಿಂದೆ ಟ್ಯೂಷನ್ನಿಗೆ ಬರುತ್ತಿದ್ದ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಬರುವುದನ್ನು ನಿಲ್ಲಿಸಿದಳು. ಅವಳ ತಾಯಿ ಆಗ "ದೂರ ಆಗುತ್ತೆ" ಎಂದಿದ್ದರು. ಮನೆ ಇರುವುದು ಪಕ್ಕದ ಬೀದಿಯಲ್ಲಿ.

ಇದಕ್ಕೆ ಅಂಕ ಹಾಕುವಂತಿಲ್ಲ. ಆದರೆ ಬಿಟ್ಟುಬಿಡುವಂತೆಯೂ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಪರಾಧ ಆಗಿದೆ ಎಂದು ಗೊತ್ತಾದಾಗ ಮಾತ್ರವಲ್ಲ, ಆಗಬಹುದು ಎಂಬ ಆತಂಕ ಇದ್ದಾಗಲೂ ತಿಳಿಸಬೇಕಾದದ್ದು ಎಲ್ಲರ ಕರ್ತವ್ಯ. ಆಪ್ತಸಮಾಲೋಚಕರಿಗೂ ಇದರಿಂದ ವಿನಾಯಿತಿ ಇಲ್ಲ. ಗುಂಪಿನಲ್ಲಿ ಯಾರೋ ಒಬ್ಬರು "ನಾವೇ ಹೋಗಿ ಆ ಹುಡುಗಿಯನ್ನ ಕೇಳಿಬಿಡೋಣ" ಅನ್ನುತ್ತಾರೆ. ಕಾಳಜಿಯಿಂದ ಹೇಳುವ ಮಾತೇ. ಆದರೆ ಮಗುವನ್ನು ಯಾರು ಮೊದಲು, ಹೇಗೆ ಕೇಳುತ್ತಾರೆ ಅನ್ನುವುದರ ಮೇಲೆ ಆ ಮಗು ಬಾಯಿ ಬಿಡುತ್ತದೋ ಇಲ್ಲವೋ ನಿಂತಿರುತ್ತದೆ. ಆ ಹೇಳಿಕೆ ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ ಅನ್ನುವುದೂ ಅದರ ಮೇಲೆಯೇ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ, ಮಕ್ಕಳ ಜೊತೆ ಮಾತಾಡಲು ತರಬೇತಿ ಪಡೆದವರೇ, ತಾಯಿಯನ್ನು ಮೊದಲು ಭೇಟಿ ಮಾಡಿ, ಮುಂದುವರಿಯಬೇಕು.

ಎದುರಿಗೆ ಕೂತ ಮನುಷ್ಯ

ಸಂದರ್ಶನದ ಭಾಗವನ್ನು ಇಬ್ಬಿಬ್ಬರು ಕೂತು ಅಭ್ಯಾಸ ಮಾಡುತ್ತಾರೆ. ಹೆಚ್ಚಿನವರಿಗೆ ಮೊದಲ ಆಸೆ ಆತನಿಂದ ತಪ್ಪೊಪ್ಪಿಗೆ ತೆಗೆಸುವುದು. ಒಪ್ಪದವನು ಹೆಚ್ಚು ಅಪಾಯಕಾರಿ ಎಂಬ ನಂಬಿಕೆ ಅದರ ಹಿಂದಿದೆ. ಹ್ಯಾನ್ಸನ್ ಮತ್ತು ಮಾರ್ಟನ್-ಬೂರ್ಗನ್ 82 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಅಪರಾಧವನ್ನು ನಿರಾಕರಿಸುವುದಕ್ಕೂ ಮತ್ತೆ ಲೈಂಗಿಕ ಅಪರಾಧ ಮಾಡುವುದಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ನಾಚಿಕೆ, ಭಯ, ಕೇಸಿನ ಚಿಂತೆ, ವಕೀಲರ ಸಲಹೆ, ಎಲ್ಲವೂ ಮನುಷ್ಯನ ಬಾಯಿ ಮುಚ್ಚಿಸುತ್ತವೆ.

ಹಾಗಾಗಿ ಕೇಳಬೇಕಾದದ್ದು ಬೇರೆ. ದಿನ ಹೇಗೆ ಹೋಗುತ್ತಿತ್ತು? ರಾತ್ರಿ ಎಷ್ಟು ಹೊತ್ತು ಫೋನಿನಲ್ಲಿ? ಕುಡಿತ ಇದೆಯಾ? ಹೆಂಡತಿಯ ಜೊತೆ ಮಾತು ಹೇಗಿದೆ? ಮಕ್ಕಳ ಬಗ್ಗೆ ಆತ ಮಾತಾಡುವ ರೀತಿ ಏನು? ಸೆಟೊ ಅವರ ಚೌಕಟ್ಟು ಇಲ್ಲಿ ಸಹಾಯಕ್ಕೆ ಬರುತ್ತದೆ. ಒಂದು ಕಡೆ ಆಸಕ್ತಿ, ಇನ್ನೊಂದು ಕಡೆ ಆ ಆಸಕ್ತಿಯನ್ನು ಕೃತ್ಯಕ್ಕೆ ದಾಟಿಸುವ ಸಂಗತಿಗಳು: ಕುಡಿತ, ದುಡುಕು, ನಿಯಮಕ್ಕೆ ಬೆಲೆ ಕೊಡದಿರುವುದು, ಮಕ್ಕಳು ಸುಲಭವಾಗಿ ಸಿಗುವುದು. ನಮ್ಮ ಪ್ರಕರಣದ ಮನುಷ್ಯ ಕುಡಿಯುವುದಿಲ್ಲ, ಕೆಲಸಕ್ಕೆ ತಪ್ಪಿಸುವುದಿಲ್ಲ. ಆದರೆ ಮಕ್ಕಳು ಅವನ ಮನೆಗೇ ಬರುತ್ತಾರೆ. ಚಾಟ್‌ನಲ್ಲಿ ಒಂದು ಗೆರೆಯನ್ನು ಆಗಲೇ ದಾಟಿದ್ದಾನೆ.

ಇದೇ ಸಂದರ್ಶನದಲ್ಲಿ ಆತ ನಡುವೆ ಹೇಳುವ ಒಂದು ಮಾತಿದೆ. "ನಮ್ಮ ಬೀದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ನನ್ನ ಫೋಟೊ ಹಾಕಿದ್ದಾರೆ. ಇನ್ನೇನು ಉಳಿದಿದೆ ಮೇಡಂ." ಪೊಲೀಸರು ಮನೆ ಶೋಧಿಸಿದ ನಂತರದ ದಿನಗಳಲ್ಲಿ ಇಂಥ ಆರೋಪಿಗಳಲ್ಲಿ ಆತ್ಮಹತ್ಯೆಯ ಅಪಾಯ ತುಂಬಾ ಹೆಚ್ಚು. ಮೊದಲ ಸಲ ಸಿಕ್ಕಿಬಿದ್ದ, ಕೆಲಸ, ಸಂಸಾರ, ಊರಿನಲ್ಲಿ ಹೆಸರು ಇರುವವರಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀರಾ?" ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಭಯ ಬೇಡ. ರಾತ್ರಿ ಯಾರು ಜೊತೆಗಿರುತ್ತಾರೆ ಎಂದು ಗೊತ್ತುಮಾಡಿಕೊಳ್ಳಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಆತನಿಗೂ ಕೊಡಿ, ಹೆಂಡತಿಗೂ ಕೊಡಿ. "ಇಂಥವನ ಬಗ್ಗೆ ನಮಗೇಕೆ ಅಷ್ಟು ಕಾಳಜಿ" ಎಂಬ ಪ್ರಶ್ನೆ ತರಬೇತಿಯಲ್ಲಿ ಬಂದೇ ಬರುತ್ತದೆ. ಆತನೂ ಒಬ್ಬ ಮನುಷ್ಯ, ಅದು ಮೊದಲ ಉತ್ತರ. ಆ ಆಟದ ಚಾಟ್‌ನ ಮಗು ಯಾರೆಂದು ಹುಡುಕಲು ಆತ ಬದುಕಿರಬೇಕು, ಆ ಮನೆಯ 6 ವರ್ಷದ ಮಗು ಇನ್ನೊಂದು ಆಘಾತ ಹೊರಬಾರದು, ಇವು ನಂತರದ ಉತ್ತರಗಳು.

ಹೆಂಡತಿಯ ಪ್ರಶ್ನೆ

ಫೈಲಿನ ಕೊನೆಯ ಪುಟದಲ್ಲಿ ಹೆಂಡತಿ ಕೇಳುತ್ತಾಳೆ: "ಮಗಳನ್ನ ಅವರ ಹತ್ರ ಬಿಡಬಹುದಾ ಮೇಡಂ?"

ಏಳರಲ್ಲಿ ಒಂದು ಎಂಬ ಅಂಕ ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ. ಗುಂಪುಗಳು ತುಂಬಾ ಹೊತ್ತು ವಾದ ಮಾಡಿ ಕೊನೆಗೆ ಬರುವ ಉತ್ತರವನ್ನು ನಾನೂ ಒಪ್ಪುತ್ತೇನೆ: ಈಗ ಬೇಡ. ತನಿಖೆ ಮುಗಿಯುವವರೆಗೆ ಆತ ಬೇರೆ ಕಡೆ, ಮಕ್ಕಳಿಲ್ಲದ ಮನೆಯಲ್ಲಿ ಇರಲಿ. ಮಗಳನ್ನು ನೋಡಬೇಕೆಂದರೆ ವಿಷಯ ಪೂರ್ತಿ ಗೊತ್ತಿರುವ ಇನ್ನೊಬ್ಬ ಹಿರಿಯರು ಅಲ್ಲೇ ಇರಬೇಕು. ಆ ಹಿರಿಯರು ಆತನ ತಾಯಿ ಆಗಬಾರದು. "ನನ್ನ ಮಗ ಅಂಥವನಲ್ಲ" ಅನ್ನುವವರು ಕಾವಲು ಕಾಯಲಾರರು. ಟ್ಯೂಷನ್ ಇವತ್ತಿಗೇ ನಿಲ್ಲಬೇಕು. ಇದನ್ನು ಸಲಹೆಯಾಗಿ ಬಿಡದೆ, ಜಾಮೀನಿನ ಷರತ್ತಾಗಿ ಸೇರಿಸಲು ತನಿಖಾಧಿಕಾರಿ ಸರ್ಕಾರಿ ವಕೀಲರ ಮೂಲಕ ಕೋರ್ಟನ್ನು ಕೇಳಬೇಕು. ಮಗುವಿನ ಜೊತೆ ಮಾತಾಡಲು ತರಬೇತಿ ಪಡೆದವರನ್ನು ಮನೆಗೆ ಕಳಿಸಬೇಕು. ಹೆಂಡತಿಗೂ ಒಬ್ಬ ಆಪ್ತಸಮಾಲೋಚಕರು ಬೇಕು, ಅವರು ಗಂಡನನ್ನು ನೋಡುತ್ತಿರುವವರೇ ಆಗಿರಬಾರದು.

ಹೀಗೆ ವರದಿಯಲ್ಲಿ ಮೂರು ಪ್ರಶ್ನೆಗೆ ಮೂರು ಬೇರೆ ಉತ್ತರ ಬರುತ್ತವೆ. ಈಗ ಯಾವುದಾದರೂ ಮಗುವಿಗೆ ತೊಂದರೆ ಆಗುತ್ತಿದೆಯೇ ಎಂಬುದಕ್ಕೆ "ಸಾಧ್ಯತೆ ಇದೆ, ತಕ್ಷಣ ಪರಿಶೀಲಿಸಿ" ಎಂದು. ಮುಂದೆ ಮತ್ತೆ ಮಾಡುವನೇ ಎಂಬುದಕ್ಕೆ "ಶಿಕ್ಷೆಯಾದರೆ ನಿಯಮದಂತೆ ಅಂದಾಜು ಮಾಡಬೇಕು, ಈಗಿನ ಸಂಗತಿಗಳು ಇಷ್ಟು" ಎಂದು. ತನಗೇ ಏನಾದರೂ ಮಾಡಿಕೊಳ್ಳುವನೇ ಎಂಬುದಕ್ಕೆ "ಅಪಾಯ ಹೆಚ್ಚು, ಈ ವಾರವೇ ಮನೋವೈದ್ಯರ ಭೇಟಿ" ಎಂದು. ಮೂರನ್ನೂ ಕಲಸಿ "ಮಧ್ಯಮ ಅಪಾಯ" ಎಂದು ಒಂದೇ ಪದ ಬರೆದ ಗುಂಪಿಗೆ ಕಾಗದ ವಾಪಸ್ ಹೋಗುತ್ತದೆ. ಆ ಪದ ಓದಿದ ಇನ್‌ಸ್ಪೆಕ್ಟರ್ ಏನು ಮಾಡಬೇಕು ಹೇಳಿ?

ಈ ಅಂದಾಜಿಗೆ ಅವಧಿಯೂ ಇರುತ್ತದೆ. ಬೇಗ ಬದಲಾಗುವ ಅಪಾಯದ ಸೂಚನೆಗಳನ್ನು ನೋಡುವ ಆಕ್ಯೂಟ್-2007 ಎಂಬ ಸಾಧನದ ಏಳು ಅಂಶಗಳನ್ನು ಇಲ್ಲಿ ಅಂಕಕ್ಕಾಗಿ ಬಳಸುವುದಿಲ್ಲ, ಪ್ರತಿ ಭೇಟಿಯಲ್ಲಿ ಏನೇನು ನೋಡಬೇಕು ಎಂದು ನೆನಪಿಸಿಕೊಳ್ಳಲು ಬಳಸುತ್ತೇವೆ: ಮಕ್ಕಳು ಸಿಗುವ ಅವಕಾಶ ಬದಲಾಯಿತೇ, ಲೈಂಗಿಕ ವಿಷಯದಲ್ಲೇ ಮನಸ್ಸು ಮುಳುಗಿದೆಯೇ, ಸಿಟ್ಟು, ಕುಡಿತ, ಮನಸ್ಸಿನ ಕುಸಿತ, ಜೊತೆಗಿದ್ದವರು ದೂರವಾದದ್ದು, ಮೇಲ್ವಿಚಾರಣೆಯನ್ನು ತಪ್ಪಿಸಿಕೊಳ್ಳುವುದು. ನಮ್ಮ ಫೈಲಿನಲ್ಲಿ ಮೂರನೇ ತಿಂಗಳಿಗೆ ಹೆಂಡತಿಯ ಕಣ್ಣಿಗೆ ಒಂದು ಹೊಸ ಫೋನು ಬೀಳುತ್ತದೆ. "ಬ್ಯಾಂಕ್ ಕೆಲಸಕ್ಕೆ ತಗೊಂಡೆ" ಅನ್ನುತ್ತಾನೆ. ಇರಬಹುದು. ಆದರೆ ಯಾರಿಗೂ ಹೇಳದೆ ತಗೊಂಡಿದ್ದಾನೆ. ಪ್ರೊಬೇಷನ್ ಅಧಿಕಾರಿಗಳು, ಆಪ್ತಸಮಾಲೋಚಕರು, ತನಿಖಾಧಿಕಾರಿ ಅದೇ ವಾರ ಮತ್ತೆ ಕೂತು, ಮೊದಲ ಪುಟದಿಂದ ಫೈಲು ಓದುತ್ತಾರೆ. ಪಕ್ಕದ ಬೀದಿಯ ಹುಡುಗಿಯ ತಾಯಿಯನ್ನು ಭೇಟಿ ಮಾಡುವ ಕೆಲಸ ಇನ್ನೂ ಆಗಿಲ್ಲ ಎಂದು ಅಲ್ಲಿ ತಿಳಿಯುತ್ತದೆ. ಸಭೆಯ ನಡಾವಳಿಯಲ್ಲಿ ಅದಕ್ಕೆ ಜವಾಬ್ದಾರರ ಹುದ್ದೆ ಮತ್ತು ದಿನಾಂಕ ಬರೆದ ಮೇಲಷ್ಟೇ ಈ ಅಭ್ಯಾಸವನ್ನು ಮುಗಿಸುತ್ತೇವೆ.